ಕೆರೆ ಹಾಲಾದ ವರ್ಷ

ಉಣ್ಣೆ ಕತ್ತರಿಸುವ ಕಾಲ ಬಂತೆಂದರೆ ಆಗೆಲ್ಲ ನನಗೆ ಸಾಲೆಯ ನೆನಪೇ ಇರುತ್ತಿರಲಿಲ್ಲ. ಆಯಿಯ ಜೊತೆ, ಅಂದರೆ ಅಪ್ಪನ ಅವ್ವನ ಜೊತೆ, ಕುರಿ ಹೊಡೆದುಕೊಂಡು ಇಳಕಲ್ಲಿನ ಆಚೆಯ ಅಡವಿ ಕೆರೆಗೆ ಹೋಗುತ್ತಿದ್ದೆ. ಕತ್ತರಿ ಹಾಕುವ ಮೊದಲು ಕುರಿಗಳ ಮೈ ತೊಳೆಯಬೇಕು. ಒದ್ದೆ ಉಣ್ಣೆಯ ವಾಸನೆ, ಬುತ್ತಿಯ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಮೊಣಕಾಲ ತನಕ ಕೆಸರು. ನನಗೆ ಅದೇ ಹಬ್ಬ.

ಕೆರೆ ದೊಡ್ಡದೇನಲ್ಲ. ಈಚೆಯ ದಂಡೆ ನಮ್ಮದು. ಆಚೆಯ ಜೊಂಡಿನಲ್ಲಿ ನೀರುಕೋಳಿಗಳು ಮರಿ ಮಾಡುತ್ತಿದ್ದವು. ಅಲ್ಲಿಗೆ ಕುರಿ ಬಿಡುವಂತಿಲ್ಲ, ನಾವೂ ಹೋಗುವಂತಿಲ್ಲ. ಒಮ್ಮೆ ಮೊಟ್ಟೆ ನೋಡಲು ಹೊರಟೆ. ಆಯಿ ಕೋಲು ಅಡ್ಡ ಹಿಡಿದಳು.

"ಅದು ಬಾಣಂತಿ ಮನಿ. ನಿಂದೇನ್ ಕೆಲಸ ಅಲ್ಲಿ?"

"ಬರೇ ನೋಡಿ ಬರ್ತೇನಿ, ಆಯಿ."

"ನಿಮ್ಮವ್ವ ಹಡದಾಗ ಊರ ಮಂದಿ ಇಣಿಕಿ ನೋಡಿದ್ರ ಹೆಂಗಿರ್ತಿತ್ತು? ಸುಮ್ನ ಕುಂಡ್ರು."

ದೂರ ಕುಳಿತೇ ನೋಡಿದೆ. ತಾಯಿಯ ಹಿಂದೆ ಕರಿ ಮರಿಗಳು ಈಜುತ್ತಿದ್ದವು. ನಾನು ಎಸೆದ ರೊಟ್ಟಿ ಚೂರಿಗೆ ಮೀನುಗಳು ಮೇಲೆ ಬರುತ್ತಿದ್ದವು.

ಮರುವರ್ಷ ಹೋದಾಗ ಕೆರೆ ಪೂರ್ತಿ ಬೆಳ್ಳಗಾಗಿತ್ತು. ನಾವು ಹಾಲುಮತದವರು, ಬೀರಪ್ಪನ ಒಕ್ಕಲು. ಹಾಲೆಂದರೆ ನಮಗೆ ದೇವರು. ಆಯಿಯ ಕಣ್ಣು ತುಂಬಿ ಬಂತು.

"ನೋಡ ಮಗಳ, ಬೀರಪ್ಪ ಕೆರಿ ತುಂಬ ಹಾಲು ಸುರದಾನ."

ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದು ನೀರಿಗೆ ತೂರಿದಳು, ನನ್ನ ಹಣೆಗೂ ಹಚ್ಚಿದಳು. ಕುರಿಗಳು ನೀರಿಗೆ ಬಾಯಿ ಹಚ್ಚಲಿಲ್ಲ, ಹಿಂದೆ ಸರಿದವು. ಪ್ರಸಾದ ಬ್ಯಾಡ ಅನಬಾರದು ಎಂದು ಆಯಿ ಬೈದಳು. ಇಬ್ಬರೂ ಸೇರಿ ಕುರಿಮರಿಗಳ ಬಾಯಿಗೆ ಬೊಗಸೆಯಿಂದ ಆ ನೀರು ಹೊಯ್ದೆವು.

ಅಷ್ಟರಲ್ಲಿ ಒಂದು ಟ್ಯಾಂಕರ್ ಕೆರೆಯ ಏರಿ ಹತ್ತಿ ಬಂತು. ಡ್ರೈವರ್ ಇಳಿದು ಪೈಪು ಬಿಚ್ಚಿದ. ಅದೇ ಬಿಳಿ ನೀರು ದಬದಬನೆ ಕೆರೆಗೆ ಬಿತ್ತು.

"ಯವ್ವಾ, ಹಾಲ್ ಎಲ್ಲೀದು? ಫ್ಯಾಕ್ಟರ್ಯಾಗ ಕಲ್ಲಿಗೆ ಪಾಲಿಶ್ ಹೊಡದ ರಾಡಿ ಇದು. ಕುರಿ ಹೊರಗ ತಗೀರಿ," ಎಂದ. ಪಾಪ, ಅವನು ನಗಲಿಲ್ಲ.

ಆಯಿ ಆಚೆಯ ದಂಡೆಗೆ ನಡೆದಳು. ಬಾಣಂತಿ ಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಜೊಂಡು ಸರಿಸಿದಳು. ಗೂಡಿನ ಮೊಟ್ಟೆಗಳ ಮೇಲೆ ರಾಡಿ ಗಟ್ಟಿಯಾಗಿ ಕೂತಿತ್ತು, ತಾಯಿ ಇರಲಿಲ್ಲ. ನಾವು ನೀರು ಕುಡಿಸಿದ ಕುರಿಮರಿಗಳಲ್ಲಿ ಕೆಲವು ಹೊಟ್ಟೆ ಉಬ್ಬಿ ಸತ್ತವು. ಉಳಿದ ಕುರಿಗಳ ಉಣ್ಣೆ ಆ ರಾಡಿ ಮೆತ್ತಿ ಬಿರುಸಾಗಿ, ಕತ್ತರಿಯ ಬಾಯನ್ನೇ ತಿಂದಿತು.

ಈಗ ಅಲ್ಲಿ ಕೆರೆಯಿಲ್ಲ, ಬಿಳಿ ಬಯಲಿದೆ. ಗಾಳಿ ಬೀಸಿದರೆ ಕಣ್ಣಿಗೆ ಹುಡಿ ಬೀಳುತ್ತದೆ. ಅಲ್ಲಿ ನೀರುಕೋಳಿ ಈಜುತ್ತಿದ್ದವು ಎಂದರೆ ನನ್ನ ಮಕ್ಕಳು ಕಥೆ ಕಟ್ಟಬೇಡ ಅನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಆದರೆ ಅವರದೇನು ತಪ್ಪು?

ನಾವು ಇಳಕಲ್ಲಿನಲ್ಲಿ ಮನೆ ಕಟ್ಟಿಸಿದಾಗ ನನ್ನ ಗಂಡ ಹಟ ಹಿಡಿದು ಪಾಲಿಶ್ ಕಲ್ಲು ಹಾಸಿಸಿದ. ಗೃಹಪ್ರವೇಶದ ದಿನ ಹಾಲು ಉಕ್ಕಿಸಲು ಹಿರಿಯಳೆಂದು ಆಯಿಯನ್ನೇ ಕರೆಸಿದ್ದೆವು. ಅವಳು ಹೊಸ್ತಿಲಲ್ಲೇ ನಿಂತು ಹೊಳೆಯುವ ನೆಲವನ್ನು ನೋಡಿದಳು.

"ಈ ಕಲ್ಲಿಗೆ ಮತ್ತ ಹಾಲ್ ಯಾಕಬೇ? ಒಂದು ಕೆರಿ ಕುಡದು ಕುಂತೈತಿ ಇದು."

ಹೊರಗಿನ ಕಟ್ಟೆಯ ಮೇಲೆ ಕುಳಿತಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಹಾಲು ನಾನೇ ಉಕ್ಕಿಸಿದೆ.