ದನಿ ಹೋದ ಮೇಲಿನ ದೀಕ್ಷಾಸ್ನಾನ

ನನ್ನ ಗಂಡ ಭಾನುವಾರ ಸಭಾಪಾಲಕರು, ಮಿಕ್ಕ ದಿನಗಳಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವವರು. ಉಯ್ಯಂಬಳ್ಳಿ ಕಡೆಯ ನಮ್ಮ ಬ್ಯಾಪ್ಟಿಸ್ಟ್ ಸಭೆ ತೀರಾ ಚಿಕ್ಕದು. ಮನೆ ನಡೆಯುವುದು ಅವರ ಕೈಕೆಲಸದಿಂದ. ಮನೆ ಮುಂದಿನ ಶೆಡ್ಡಿನಲ್ಲಿ ಕೈ ತಂತಿ ಸುತ್ತುತ್ತಿದ್ದರೆ ಬಾಯಿ ಮುಂದಿನ ಭಾನುವಾರ ಸಭೆಯಲ್ಲಿ ಹೇಳಬೇಕಾದ ಪ್ರಸಂಗವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿತ್ತು. ಮೋಟಾರು ತಂದ ರೈತರೂ ಕೂತು ಕೇಳುತ್ತಿದ್ದರು. "ಅದನ್ನ ಹೋದ ತಿಂಗಳೇ ಹೇಳಿದ್ರಿ" ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ.

ಹೋದ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿ ಆಪರೇಷನ್ ಆಯಿತು. ಕೆಟ್ಟ ಗಡ್ಡೆಯಲ್ಲ ಎಂದು ಡಾಕ್ಟರು ಹೇಳಿದರು. ಆದರೆ ದನಿ ಮರಳಲಿಲ್ಲ. ಉಳಿದದ್ದು ಪಿಸುಮಾತು, ಅದೂ ಕಿವಿ ಹತ್ತಿರ ತಂದರೆ ಮಾತ್ರ ಕೇಳಿಸುತ್ತಿತ್ತು. ಶೆಡ್ಡಿನ ಆ ಮೌನವನ್ನು ನನಗೆ ತಡೆಯಲಾಗುತ್ತಿರಲಿಲ್ಲ. ಏನಾದರೊಂದು ನೆಪ ಮಾಡಿಕೊಂಡು ಹೋಗಿ ನೋಡಿ ಬರುತ್ತಿದ್ದೆ.

ಬೇರೆ ಪಾಲಕರನ್ನು ನೋಡಿಕೊಳ್ಳಿ ಎಂದು ಅವರು ಸ್ಲೇಟಿನ ಮೇಲೆ ಬರೆದು ಸಭೆಯ ಹಿರಿಯರಿಗೆ ತೋರಿಸಿದರು. ಒಬ್ಬ ಹಿರಿಯರು ಅದನ್ನು ಅಂಗೈಯಲ್ಲೇ ಅಳಿಸಿಬಿಟ್ಟರು. "ಅಯ್ನೋರೇ, ನೀವು ನಿಂತ್ಕಳಿ ಸಾಕು. ಓದಕ್ಕೆ ಅಮ್ಮಾವ್ರು ಇಲ್ವಾ?" ಅಂದಿನಿಂದ ಅವರು ಬರೆದದ್ದನ್ನು ನಾನು ಓದುತ್ತೇನೆ, ಅವರು ಪಕ್ಕದಲ್ಲಿ ನಿಂತಿರುತ್ತಾರೆ.

ಸಭೆಯಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸೊಬ್ಬಳಿದ್ದಾಳೆ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು ಬದುಕಿದವಳು. ನಮ್ಮಲ್ಲಿ ದೀಕ್ಷಾಸ್ನಾನವೆಂದರೆ ಪೂರ್ತಿ ಮುಳುಗಬೇಕು. ಅವಳು ಒಪ್ಪುವುದು, ನೀರು ಕಂಡೊಡನೆ ಹಿಂದೆ ಸರಿಯುವುದು ಎಷ್ಟೋ ಸಲ ಆಗಿತ್ತು. ಈ ಸಲ ತಾನಾಗಿ ಬಂದು, "ಅಯ್ನೋರೇ ಮುಳುಗುಸ್ಬೇಕು. ಬ್ಯಾರೆಯೋರಾದ್ರೆ ನಾ ಇಳ್ಯಾಕಿಲ್ಲ" ಎಂದಳು.

ಪಕ್ಕದ ತೋಟದ ಯಜಮಾನರು ನಮ್ಮ ಸಭೆಯವರಲ್ಲ. ಆದರೂ ತಮ್ಮ ಪಂಪಿನ ತೊಟ್ಟಿಯನ್ನು ಉಜ್ಜಿ ತೊಳೆದು ತುಂಬಿಸಿಟ್ಟಿದ್ದರು. "ಕರೆಂಟ್ ಹೋಗ್ಬುಟ್ರೆ ಅಂತ ಬೆಳಗ್ಗೇನೇ ಬುಟ್ಟೆ ಕಣವ್ವ. ಒಸಿ ತಣ್ಣಗೈತೆ, ನಿಧಾನಕ್ಕೆ ಇಳೀರಿ."

ನನ್ನ ಗಂಡ, ಅವಳು ಇಬ್ಬರೂ ತೊಟ್ಟಿಗೆ ಇಳಿದರು. ನೀರು ಸೊಂಟಕ್ಕೆ ಬಂದೊಡನೆ ಅವಳು ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೊಟ್ಟಿಯ ಪಕ್ಕದಲ್ಲಿ ನಿಂತಿದ್ದ ನಾನು ಎರಡು ಸಮಾಧಾನದ ಮಾತು ಹೇಳೋಣವೆಂದು ಬಾಯಿ ತೆರೆದೆ. ನನ್ನ ಗಂಡ ಕೈಯೆತ್ತಿ ತಡೆದರು. ಅವಳ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದರು. ಅವಳು ಅವರ ಮುಖ ನೋಡಿದಳು. ಅಂಚು ಬಿಟ್ಟು ಅವರ ತೋಳು ಹಿಡಿದಳು.

"ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದು ನಾನು ಹೇಳಿದೆ. ಅವಳು ಮುಳುಗಿ ಎದ್ದಳು, ಕೆಮ್ಮುತ್ತಾ ನಗುತ್ತಿದ್ದಳು. ತೋಟದ ಯಜಮಾನರು ಚಪ್ಪಾಳೆ ತಟ್ಟಿ, ಇಂಥ ಕಡೆ ತಟ್ಟಬಹುದೋ ಇಲ್ಲವೋ ಎಂದು ಸುತ್ತ ನೋಡಿದರು. ಆಮೇಲೆ ಎಲ್ಲರೂ ತಟ್ಟಿದೆವು.

ತಲೆ ಒರೆಸುತ್ತಾ ಅವಳನ್ನು ಕೇಳಿದೆ: "ಏನಂದ್ರು ಅಯ್ನೋರು?"

"'ನಂಗೂ ಭಯ ಆಯ್ತಾ ಐತೆ, ನೀನು ನನ್ನ ಕೈ ಬುಡಬ್ಯಾಡ' ಅಂದ್ರು ಕಣಕ್ಕ."

ಆಸ್ಪತ್ರೆಯಿಂದ ಬಂದಾಗಿನಿಂದ ನನ್ನೆದುರು ಅವರು ಭಯವೆಂಬ ಮಾತನ್ನೇ ಎತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ನಿಂತಿದ್ದರು. ಹತ್ತಿರ ಹೋಗಿ, "ನನಗೂ ಹೇಳಬಾರದಾಗಿತ್ತಾ?" ಎಂದೆ.

ಅವರು ನನ್ನ ಕಿವಿಗೆ ಬಾಗಿದರು. ಮನೆ ಮುಟ್ಟುವವರೆಗೂ ಹೇಳುತ್ತಲೇ ಬಂದರು. ಬದುವಿನ ಮೇಲೆ ಇಬ್ಬರಿಗೆ ಸಾಲುವಷ್ಟು ಜಾಗವಿರಲಿಲ್ಲ, ಅಂಟಿಕೊಂಡೇ ನಡೆದೆವು.