ಬಾಗಿಲಲ್ಲಿ ಮುಖ ನೋಡುತ್ತಿದ್ದವರು

ಟಾಕೀಸಿನಿಂದ ಹೊರಬರುತ್ತಿದ್ದ ನನಗೆ, ಟಿಕೆಟ್ ಹರಿಯುವ ಮುದುಕ ಕೈ ಅಡ್ಡ ಹಿಡಿದ. ನಾನು ಸೀರೆಗಳ ಚೀಲವನ್ನು ಎದೆಗೆ ಒತ್ತಿಕೊಂಡೆ.

ಆತನ ಮೇಲೆ ಆಗಲೇ ಅನುಮಾನವಿತ್ತು. ತಮ್ಮನ ಮದುವೆಗೆಂದು ನಾನು, ತಂಗಿ, ನನ್ನ ಮಗಳು ಬೆಳಗಿನಿಂದ ಬಂಗಾರಪೇಟೆಯಲ್ಲಿ ಬಟ್ಟೆ ಅಂಗಡಿ, ದರ್ಜಿ, ಅಡುಗೆಯವರ ಮನೆ ಎಂದು ಸುತ್ತಿ ರೈಲಿನಲ್ಲಿ ಕೆಜಿಎಫ್‌ಗೆ ಮರಳಿದ್ದೆವು. ತಂಗಿಯ ಹಟಕ್ಕೆ ಮಣಿದು ದೆವ್ವದ ಸಿನಿಮಾಕ್ಕೆ ಹೋದೆವು. ಒಳಗೆ ಬಿಡುವಾಗ ಆತ ಟಿಕೆಟ್‌ಗಿಂತ ನಮ್ಮ ಮುಖಗಳನ್ನೇ ನೋಡಿದ. ನನ್ನ ಪುಟ್ಟ ಮಗಳನ್ನಂತೂ ದಿಟ್ಟಿಸಿದ. ಮಧ್ಯಂತರದಲ್ಲೂ ಅದೇ ನೋಟ.

“ಅಕ್ಕ, ಚೀಲ ಉಸಾರು. ಪರದೆ ಮೇಲಿನ ದೆವ್ವಾನೇ ವಾಸಿ, ಈವಪ್ಪ ಬಲೇ ಭಯಂಕರ,” ಎಂದು ತಂಗಿ ನಕ್ಕಿದ್ದಳು.

ಈಗ ಆತ ಕೇಳಿದ: “ಅಳದಿ ಲಂಗದ ಪಾಪ ಎಲ್ಲಮ್ಮಾ? ಒಳಕ್ಕೋಗಿದ್ದು ನೋಡ್ದೆ, ಈಚೆಗ್ ಬರ್ಲಿಲ್ಲ.”

ಮಗಳು ಮುಂದೆ ಹೋದ ತಂಗಿಯ ಜೊತೆಗಿದ್ದಾಳೆ ಎಂದುಕೊಂಡಿದ್ದೆ. ಗೇಟಿನ ಬಳಿ ತಂಗಿ ಒಬ್ಬಳೇ ನಿಂತಿದ್ದಳು. ಕೈಯಿಂದ ಚೀಲ ಜಾರಿತು. ಆತ ಟಾರ್ಚ್ ಹಿಡಿದು ನನಗಿಂತ ಮೊದಲೇ ಒಳಗೆ ಓಡಿದ. ಹೆದರಿ ಸೀಟುಗಳ ನಡುವೆ ಅವಿತಿದ್ದ ಮಗಳು ಅಲ್ಲೇ ನಿದ್ದೆಹೋಗಿದ್ದಳು.

ಹಾಗೇಕೆ ಎಲ್ಲರ ಮುಖ ನೋಡುತ್ತೀರಿ ಎಂದು ಕೇಳಿದೆ. “ಚಿನ್ನದ ಗಣೀನಾಗೆ ಮೇಸ್ತ್ರಿ ಆಗಿದ್ದೆ ಕಣಮ್ಮ. ಕೆಳಕ್ಕಿಳ್ದೋರೆಲ್ಲ ಮೇಲಕ್ ಬಂದ್ರಾ ಅಂತ ಮುಖ ನೋಡ್ಕಂಡೇ ಮನೆಗ್ ಓಗ್ತಿದ್ದೆ. ಗಣಿ ಮುಚ್ತು, ಅಭ್ಯಾಸ ಓಗ್ಲಿಲ್ಲ.”

ಈಗ ಆ ಟಾಕೀಸಿನ ಮುಂದೆ ಹಾದುಹೋಗುವಾಗ ಮಗಳು ಅವರಿಗೆ ಕೈ ಬೀಸುತ್ತಾಳೆ. ಅವರು ಮೊದಲು ಅವಳ ಮುಖ ನೋಡುತ್ತಾರೆ, ಆಮೇಲೆ ನನ್ನದು. ನಗುವುದು ಅದಾದ ಮೇಲೆ.