ಹದಿಮೂರನೆಯ ದಾರ

ಭಾದ್ರಪದದ ಚತುರ್ದಶಿಯಂದು ಅನಂತನ ವ್ರತ ಹಿಡಿದವರು ಹದಿನಾಲ್ಕು ಗಂಟಿನ ಕೆಂಪು ದಾರವನ್ನು ಪೂಜಿಸಿ ತೋಳಿಗೆ ಕಟ್ಟಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತ, ಹದಿನಾಲ್ಕು ವರ್ಷ ನಡೆಸಿ ಉದ್ಯಾಪನೆ ಮಾಡಿದರೆ ವ್ರತ ಪೂರ್ಣವೆಂದು ಶಾಸ್ತ್ರ. ನಾನು ಸಂಸ್ಕೃತ ಅಧ್ಯಾಪಕನಾಗಿ ನಿವೃತ್ತನಾದ ವರ್ಷ, ಎರಡು ಸಾವಿರದ ಆಸುಪಾಸಿನಲ್ಲಿ, ನನ್ನ ಹೆಂಡತಿ ಅದನ್ನು ಹಿಡಿದಳು.

ಅಥಣಿಯ ನಮ್ಮ ಮನೆಗೆ ಪ್ರತಿ ಚತುರ್ದಶಿಯ ಊಟಕ್ಕೆ ನಿಪ್ಪಾಣಿಯಿಂದ ನನ್ನ ಗೆಳೆಯರೊಬ್ಬರು ಬರುತ್ತಿದ್ದರು. ಅವರು ನಾನಿದ್ದ ಶಾಲೆಯಲ್ಲೇ ಗಣಿತ ಕಲಿಸಿದವರು. ಎಲೆಯ ಮುಂದೆ ಕುಳಿತೊಡನೆ ನಮ್ಮ ಹಳೆಯ ವಾದ ಏಳುತ್ತಿತ್ತು.

“ಪಂಡಿತ್ರ, ಒಂದು ಅಂಕಿ ಮುಂದ ಇನ್ನೊಂದು ಬರತೈತಿ, ಅದನ್ನ ಒಪ್ಪತೀನಿ. ಎಲ್ಲಾ ಅಂಕಿ ಕೂಡಿ ಒಮ್ಮೆಲೆ ಎಲ್ಲೋ ಕುಂತಾವ ಅಂದ್ರ ಒಪ್ಪಂಗಿಲ್ರಿ. ಅನಂತ ಅಂದ್ರ ಎಣಿಕಿ ನಿಲ್ಲಂಗಿಲ್ಲ, ಅಷ್ಟ.”

“ಬರೇ ನಿಲ್ಲದ ಎಣಿಕಿಗೆ ಹೂ ಏರಸೂದು ಹೆಂಗ್ರಿ? ಅಂವ ಇಡಿಯಾಗೇ ಅದಾನ. ತಡಾ ಆಗೂದು ಎಣಸೂ ನಮಗ.”

ಅಷ್ಟರಲ್ಲಿ ಹೆಂಡತಿ ಬಂದು, “ತುಪ್ಪ ಹೆಚ್ಚಾತ್ರಿ, ತಡೀರಿ, ಬ್ಯಾರೆ ಕಾಸತೀನಿ” ಎನ್ನುವಳು. ಮನೆಯಲ್ಲಿ ಯಾವುದೇ ಪದಾರ್ಥ ತೀರಿದರೂ ‘ಮುಗಿಯಿತು’ ಎಂಬ ಮಾತನ್ನು ಆಕೆ ಆಡುತ್ತಿರಲಿಲ್ಲ. ‘ಹೆಚ್ಚಾಯಿತು’ ಎಂದೇ ಹೇಳಬೇಕೆಂಬುದು ತವರಿನಿಂದ ಬಂದ ರೂಢಿ.

“ವೈನಿ, ಡಬ್ಬಿ ತಳ ಕಾಣಾಕತ್ತೈತಿ, ನೀವು ಹೆಚ್ಚಾತು ಅಂತೀರಿ. ನಿಮ್ಮ ಗಣಿತದಾಗ ಸೊನ್ನಿನ ಇಲ್ಲ ಬಿಡ್ರಿ.”

“ಸೊನ್ನಿ ನಿಮ್ಮ ಹಲಗಿ ಮ್ಯಾಲ ಇರಲಿ. ನಮ್ಮ ಅಡಗಿಮನ್ಯಾಗ ಅದಕ್ಕೇನ್ ಕೆಲಸ?”

ಹದಿಮೂರನೆಯ ವರ್ಷ ಆಕೆಯ ಹೃದಯ ಸೋತಿತು. ಮುಂದಿನ ಭಾದ್ರಪದ ಕಾಣುವುದು ಕಷ್ಟವೆಂದು ಮಿರಜಿನ ವೈದ್ಯರು ಹೇಳಿದ್ದನ್ನು ನಾನು ಮುಚ್ಚಿಟ್ಟರೂ ಆಕೆ ತಿಳಿದುಕೊಂಡಿದ್ದಳು. ಆ ಸಲ ದಾರ ಕಟ್ಟಿಸಿಕೊಂಡು, ಗೋಡೆಗೊರಗಿ ಕುಳಿತು ಕೇಳಿದಳು: “ಹದಿನಾಲ್ಕನೇದ್ದು ಆಗಲಿಲ್ಲಂದ್ರ ಹದಿಮೂರೂ ವ್ಯರ್ಥ ಏನ್ರಿ?”

ಶಾಸ್ತ್ರದ ನಿಯಮ ನನಗೆ ಗೊತ್ತಿತ್ತು. ಅದನ್ನು ಆಡಲು ನಾಲಗೆ ಒಪ್ಪಲಿಲ್ಲ. ಬೇರೊಂದನ್ನು ಹೇಳಲೂ ಧೈರ್ಯ ಬರಲಿಲ್ಲ. ಆಕೆಯ ಮುಖ ಬಾಡಿತು. ಆಗ ಗೆಳೆಯರು ಎಲೆಯ ಮೇಲಿನ ಕೈಯನ್ನು ಹಿಂದೆಗೆದರು.

“ವೈನಿ, ಇಷ್ಟ್ ವರ್ಷ ನಾ ಇವರ ಮಾತ ಒಪ್ಪಿಲ್ಲ. ಇವತ್ತ ಒಪ್ಪಿ ಲೆಕ್ಕಾ ಮಾಡತೀನಿ, ಕೇಳ್ರಿ. ಅನಂತ ಇಡಿಯಾಗಿದ್ರ, ಅದರಾಗಿಂದ ಒಂದು ತಗದ್ರೂ ಅದು ಇದ್ದಷ್ಟ ಇರತೈತಿ. ನಿಮ್ಮದೊಂದ್ ವರ್ಷ ಬರಲಿಲ್ಲಂದ್ರ ಅವಗೇನ್ ಕಡಿಮಿ ಬೀಳತೈತ್ರಿ?”

ಆಕೆ ನನ್ನ ಕಡೆ ತಿರುಗಿದಳು. “ಖರೇನ್ರಿ?”

“ಖರೆ” ಎಂದೆ. ಅದು ನನ್ನದೇ ಪಕ್ಷವಾಗಿತ್ತು. ವಾದ ಗೆಲ್ಲಲು ಎಷ್ಟೋ ಸಲ ಆಡಿದ್ದ ಮಾತು. ಅದನ್ನು ನಂಬಿ ಒಬ್ಬರು ನೆಮ್ಮದಿ ಪಡೆಯಬೇಕಾದೀತೆಂದು ನಾನು ಎಂದೂ ಎಣಿಸಿರಲಿಲ್ಲ.

ಆಷಾಢದಲ್ಲಿ ಆಕೆ ಹೋದಳು. ಎಡತೋಳಿನ ದಾರವನ್ನು ನಾನೇ ಬಿಚ್ಚಬೇಕಾಯಿತು. ಕಟ್ಟಿದ ಗಂಟು ಹತ್ತು ತಿಂಗಳು ನೀರು ಕುಡಿದು ಬಿಗಿದಿತ್ತು. ಹಿಂದೆ ನಿಂತಿದ್ದ ಮುತ್ತೈದೆಯೊಬ್ಬಳು, “ವ್ರತ ಮುಗೀಲಿಲ್ಲ, ಪಾಪ” ಎಂದಳು.

“ಇಲ್ಲವ್ವಾ, ಹೆಚ್ಚಾತು” ಎಂದೆ.

ಬಾಗಿಲ ಬಳಿ ಗೆಳೆಯರು ನಿಂತಿದ್ದರು. ನನ್ನ ಮಾತಿಗೆ ಎಂದೂ ಎದುರಾಡದೆ ಬಿಟ್ಟವರಲ್ಲ; ಆ ದಿನ ತಲೆ ಬಾಗಿಸಿ ಕೈಮುಗಿದರು.